ಕಿಲ್ಕೆನ್ನಿಯ ಕಪಾಟಿನಲ್ಲಿ ನಮ್ಮ ಕಾಡು

ಕಾರ್ಕ್ ನಗರದ ಪಕ್ಕದ ಕ್ಯಾರಿಗಲೈನಿನ ಮಗಳ ಮನೆಯಿಂದ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಡುವುದೆಂದು ಮಾತಾಗಿತ್ತು. ಮಗುವಿಗೆ ಹಾಲು ಕುಡಿಸಿ, ಬಟ್ಟೆ ಹಾಕಿ, ಹಾಕಿದ ಬಟ್ಟೆಯ ಮೇಲೆಯೇ ಅದು ಹಾಲು ಕಕ್ಕಿದ್ದರಿಂದ ಮತ್ತೊಂದು ಜೊತೆ ಹುಡುಕಿ, ಕಾರಿನ ಹಿಂದಿನ ಸೀಟಿನ ಪುಟ್ಟ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿಯುವಷ್ಟರಲ್ಲಿ ಹನ್ನೊಂದಾಗುತ್ತ ಬಂದಿತ್ತು. ಅಷ್ಟು ಹೊತ್ತಿಗೆ ಬೆಳಗಿನ ಬಿಸಿಲು ಹೋಗಿ ಸೋನೆ ಹಿಡಿದಿತ್ತು. ಐರ್ಲೆಂಡಿನಲ್ಲಿ ಕೊಡೆ ಹಿಡಿಯುವಷ್ಟು ಮಳೆ ಬರುವುದು ಅಪರೂಪ. ಕೊಡೆ ಬಿಟ್ಟು ಹೋದರೆ ಮಾತ್ರ ನೆನೆಯುತ್ತೇವೆ.

ನನ್ನ ಮಗಳು ವಿದ್ಯಾ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ಗಂಡ ಪ್ರಮೋದನ ಕೆಲಸ ಲಿಟಲ್ ಐಲ್ಯಾಂಡಿನಲ್ಲಿ, ಪಾಳಿಯ ಲೆಕ್ಕದ್ದು. ಅವರ ಮಗಳು ತನ್ವಿಗೆ ಆಗ ಐದು ತಿಂಗಳು. ಹೆರಿಗೆಯ ಹೊತ್ತಿಗೆ ವಿದ್ಯಾಳ ಅತ್ತೆ ಬಂದು ಹೋಗಿದ್ದರು. ಅವರು ಹೋದ ಮೇಲೆ ನನ್ನ ಸರದಿ. ಕುಮಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಮೂರು ತಿಂಗಳ ವೀಸಾ ಮುಗಿಯಲು ಇನ್ನೊಂದು ವಾರ ಉಳಿದಿತ್ತು.

ಆ ಒಂದು ವಾರದ ನಂತರ ನಾನು ಒಬ್ಬಳೇ ಊರಿಗೆ ಹೊರಡುವವಳಿರಲಿಲ್ಲ. ತನ್ವಿಯನ್ನೂ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ವಿದ್ಯಾಳ ರಜೆ ಮುಗಿಯುತ್ತಿತ್ತು. ಕೇಳಿದ ಶಿಶುವಿಹಾರಗಳೆಲ್ಲ ಮುಂದಿನ ವರ್ಷ ಬನ್ನಿ ಎಂದಿದ್ದವು. ಒಂದು ವರ್ಷ ಅಜ್ಜಿಯ ಬಳಿ ಇದ್ದು, ನಡೆಯಲು ಕಲಿತ ಮೇಲೆ ತಂದುಬಿಟ್ಟರಾಯಿತು ಎಂದು ಊಟದ ಮೇಜಿನ ಸುತ್ತ ಕೂತು ಮೂವರೂ ಒಪ್ಪಿದ್ದೆವು. ಇಲ್ಲಿಯ ನಮ್ಮವರಲ್ಲಿ ಹೀಗೆ ಮಾಡಿದವರು ಬೇಕಾದಷ್ಟು ಜನ. ಟಿಕೆಟ್ ಆಗಿತ್ತು. ನಾನು ಕುಮಟೆಯ ಪಕ್ಕದ ಮನೆಯವರಿಗೆ ಫೋನು ಮಾಡಿ, ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ಬಿಸಿಲಿಗಿಡಲು ಹೇಳಿಯೂ ಆಗಿತ್ತು. ನನಗೆ ಖುಷಿಯೇ ಇತ್ತು. ವಿದ್ಯಾ ಮಾತ್ರ ಆ ಊಟದ ದಿನದಿಂದ ಸ್ನಾನದ ಮನೆಯಲ್ಲಿ ಹೆಚ್ಚು ಹೊತ್ತು ಇರತೊಡಗಿದ್ದಳು. ನಲ್ಲಿಯ ನೀರು ಸುಮ್ಮನೆ ಹರಿಯುವ ಸದ್ದು ಕೇಳಿಸುತ್ತಿತ್ತು. ನಾನು ಕೇಳಲಿಲ್ಲ, ಕೇಳಿದರೆ ಉತ್ತರ ಬರುತ್ತದಲ್ಲ ಎಂಬ ಭಯ.

ಪ್ರಮೋದನಿಗೆ ಪಾಳಿ ಇದ್ದುದರಿಂದ ವಿದ್ಯಾಳೇ ಕಾರು ಓಡಿಸಿದಳು. ಲೀ ನದಿಯ ಅಡಿಯ ಸುರಂಗ ದಾಟಿ ಉತ್ತರಕ್ಕೆ ತಿರುಗಿದೆವು. ಕಾರ್ಕಿನಿಂದ ಕಿಲ್ಕೆನ್ನಿಗೆ ನೂರೈವತ್ತು ಕಿಲೋಮೀಟರಿನ ಆಸುಪಾಸು. ಮಗುವಿಲ್ಲದವರಿಗೆ ಎರಡು ಗಂಟೆಯ ದಾರಿ. ಫರ್ಮಾಯ್ ಬಳಿ ಟೋಲ್ ಕೊಟ್ಟ ಮೇಲೆ ರಸ್ತೆ ಅಗಲವಾಯಿತು, ಎರಡೂ ಕಡೆ ದನಗಳ ಹುಲ್ಲುಗಾವಲು ತೆರೆಯಿತು. ಹುಲ್ಲಲ್ಲದೆ ಬೇರೇನೂ ಬೆಳೆಯದ ದೇಶವೇ ಇದು ಎಂದು ಮೊದಮೊದಲು ನನಗೆ ಬೇಸರವಾಗುತ್ತಿತ್ತು. ಆಮೇಲೆ ಬೇಲಿಗಳನ್ನು ನೋಡಲು ಕಲಿತೆ. ಸೆಪ್ಟೆಂಬರಿನ ಕೊನೆಯಾದ್ದರಿಂದ ಮುಳ್ಳುಪೊದೆಗಳಲ್ಲಿ ಬ್ಲ್ಯಾಕ್‌ಬೆರಿ ಕಪ್ಪಾಗಿ ಕೂತಿತ್ತು, ಹಾಥಾರ್ನಿನ ಕೆಂಪು ಕಾಯಿ ಗೊಂಚಲುಗಟ್ಟಿತ್ತು.

ಕಾಹಿರ್ ಎಂಬ ಊರಿನಲ್ಲಿ ತನ್ವಿ ಎದ್ದು ಗಲಾಟೆ ಮಾಡಿದ್ದರಿಂದ ನಿಂತೆವು. ನದಿಯ ನಡುವಿನ ಬಂಡೆಯ ಮೇಲೆ ಕೋಟೆ, ಅದರ ಕೆಳಗೆ ಬಾತುಕೋಳಿಗಳು. ವಿದ್ಯಾ ಕಾರಿನಲ್ಲೇ ಹಾಲು ಕುಡಿಸಿದಳು. ನಾನು ಪಕ್ಕದ ಅಂಗಡಿಯಿಂದ ಚಹಾ ಮತ್ತು ಬಿಸಿ ಸ್ಕೋನ್ ತಂದೆ. ಸ್ಕೋನ್ ಎಂದರೆ ಸಿಹಿ ಕಡಿಮೆಯ, ಪುಡಿಪುಡಿಯಾಗುವ ಬನ್ನು. ಬೆಣ್ಣೆ ಹಚ್ಚಿದರೆ ಮಾತ್ರ ಗಂಟಲಿಗಿಳಿಯುತ್ತದೆ. ನಾನು ಅರ್ಧ ಮುರಿದು ಮಗಳ ಬಾಯಿಗಿಟ್ಟೆ, ಅವಳ ಎರಡೂ ಕೈ ಮಗುವಿನ ಕೆಲಸದಲ್ಲಿದ್ದವು.

ಈ ಪ್ರಯಾಣಕ್ಕೆ ಕಾರಣ ವಿದ್ಯಾಳ ಗೆಳತಿ ಲವಿನಾ. ಉಡುಪಿ ಕಡೆಯ ಕ್ರಿಶ್ಚಿಯನ್ ಹುಡುಗಿ, ಕಿಲ್ಕೆನ್ನಿಯ ದೊಡ್ಡಾಸ್ಪತ್ರೆಯಲ್ಲಿ ನರ್ಸು. ತನಗೆ ಪರಿಚಯವಾದ ಒಬ್ಬ ಐರಿಷ್ ಅಜ್ಜಿಯ ಮನೆಯಲ್ಲಿ ಬ್ರಿಟಿಷರ ಕಾಲದ ಕಪಾಟೊಂದಿದೆ, ಅದರ ತುಂಬ ನಮ್ಮ ಕಡೆಯ ಕಾಡಿನ ಕಾಯಿ, ತೊಗಟೆ, ಅಂಟುಗಳ ಬಾಟಲಿಗಳಿವೆ, ಚೀಟಿಗಳ ಮೇಲೆ ಕನ್ನಡ ಇದೆ, ಗಿಡಮರ ಬಲ್ಲವರು ಓದಬೇಕಂತೆ ಎಂದು ಅವಳು ಸಂದೇಶ ಕಳಿಸಿದ್ದಳು. ಜೊತೆಗೆ, ಅಜ್ಜಿ ಒಂದು ಬಾಟಲಿಯನ್ನು ಜೀವಮಾನವಿಡೀ ಹುಡುಕುತ್ತಿದ್ದಾರೆ, ಅದರ ಹೆಸರು ಹೀಗೆ ಎಂದು ಅಜ್ಜಿಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟ ಚೀಟಿಯ ಚಿತ್ರವನ್ನೂ ಕಳಿಸಿದ್ದಳು. ಆ ಕಾಗುಣಿತದಲ್ಲಿ ಹೆಸರು ಏನೆಂದು ತಿಳಿಯುವ ಹಾಗಿರಲಿಲ್ಲ. ಮೊದಲ ಅರ್ಧ ಅಳಲೆಕಾಯಿಯಂತೆ ಕಂಡಿತು. ಕೊನೆಯಲ್ಲಿ ಕಂದ ಎಂದಿದ್ದರಿಂದ ಯಾವುದೋ ಗೆಡ್ಡೆ ಇರಬೇಕು, ಸುವರ್ಣಗೆಡ್ಡೆಯ ಜಾತಿಯದು ಎಂದು ನಾನು ತೀರ್ಮಾನಿಸಿದ್ದೆ.

ಮಗುವಿಗಾಗಿ ಮತ್ತೆರಡು ಕಡೆ ನಿಂತು ಕಿಲ್ಕೆನ್ನಿ ತಲುಪಿದಾಗ ನಾಲ್ಕು ಗಂಟೆ. ಮನೆಮನೆಯ ಕಿಟಕಿಗೆ ಕಪ್ಪು-ಹಳದಿ ಪಟ್ಟೆಯ ಬಾವುಟ ಕಟ್ಟಿದ್ದರು. ಅದು ಹರ್ಲಿಂಗ್ ಎಂಬ ಇವರ ಕೋಲು-ಚೆಂಡಿನ ಆಟದ ತಂಡದ ಬಣ್ಣ. ಲವಿನಾ ಹಗಲಿನ ಪಾಳಿ ಮುಗಿಸಿ ಬಂದವಳೇ ಅಡುಗೆಗೆ ನಿಂತಳು. ಇಲ್ಲಿಯ ಸಮುದ್ರದಲ್ಲಿ ಬಂಗುಡೆ ಧಾರಾಳ. ಅವಳು ಅದಕ್ಕೆ ಕೆಂಪು ಮೆಣಸು, ಹುಣಸೆ ಅರೆದು ಹಾಕಿ ಸಾರು ಮಾಡಿದಳು. ಅನ್ನಕ್ಕೆ ಕಲಸಿ ಉಣ್ಣುವಾಗ, ನಾನು ಎಲ್ಲಿ ಕೂತಿದ್ದೇನೆ ಎಂಬುದು ಕ್ಷಣಕಾಲ ಮರೆತುಹೋಯಿತು.

ಊಟ ಮಾಡುತ್ತ ಲವಿನಾ ಆ ಅಜ್ಜಿಯ ವಿಷಯ ಹೇಳಿದಳು. ಹೆಸರು ನೋರಾ. ಎಂಬತ್ತು ದಾಟಿದೆ, ಮದುವೆಯಾದವರಲ್ಲ. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದರು. ಶಸ್ತ್ರಚಿಕಿತ್ಸೆಯ ನಂತರ ವಾಕರ್ ಹಿಡಿಸಿ ವಾರ್ಡಿನ ಓಣಿಯಲ್ಲಿ ನಡೆಸುವಾಗ ಉಳಿದವರು ಒಂದು, ಎರಡು ಎಂದು ಹೆಜ್ಜೆ ಎಣಿಸಿದರೆ ಈಕೆ ಬೇರೇನೋ ಹೇಳಿಕೊಳ್ಳುತ್ತಿದ್ದರು.

"ಔಷಧಿ ಟ್ರಾಲಿ ತಳ್ಕೊಂಡು ಹೋಗ್ತಿದ್ದೆ ಟೀಚರ್," ಎಂದಳು ಲವಿನಾ. "ಅಂಟುವಾಲ, ಶೀಗೆ ಅಂತ ಕೇಳ್ತು. ಅಲ್ಲೇ ನಿಂತ್‌ಬಿಟ್ಟೆ. ಅಂಟುವಾಳ, ಸೀಗೆ. ನಮ್ಮ ಅಮ್ಮ ಶನಿವಾರ ತಲೆಗೆ ಹಾಕ್ತಿದ್ದದ್ದು."

ಅದು ಯಾವ ಭಾಷೆ ಎಂದು ನೋರಾ ಅವರಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲವಂತೆ. ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ ಬಾಟಲಿಗಳ ಹೆಸರು ಎಂದಷ್ಟೇ ಗೊತ್ತಿತ್ತು, ಹಗ್ಗದಾಟಕ್ಕೂ ಪದ್ಯದಂತೆ ಹೇಳಿಕೊಳ್ಳುತ್ತಿದ್ದರು.

ಶನಿವಾರ ಬೆಳಿಗ್ಗೆ ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಲವಿನಾಳಿಗೆ ಪಾಳಿ ಇದ್ದುದರಿಂದ ನಾವೇ ಹೊರಟೆವು. ಥಾಮಸ್‌ಟೌನ್ ದಾಟಿ, ನೋರ್ ನದಿಯ ಬಳಿಯ ಕಿರಿದಾದ ರಸ್ತೆಗೆ ಇಳಿದೆವು. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಬೇಲಿಗೆ ಒರಗಿ ನಿಲ್ಲಬೇಕು. ಟ್ರ್ಯಾಕ್ಟರಿನವರು ಸ್ಟೇರಿಂಗಿನಿಂದ ಒಂದು ಬೆರಳನ್ನಷ್ಟೇ ಎತ್ತಿ ವಂದಿಸಿ ಮುಂದೆ ಹೋಗುತ್ತಾರೆ. ವಿದ್ಯಾಳೂ ಬೆರಳೆತ್ತುವುದನ್ನು ನೋಡಿ ನನಗೆ ನಗು ಬಂತು. ಈ ದೇಶದ ಅಭ್ಯಾಸಗಳು ಅವಳ ಕೈಗೆ ಬಂದುಬಿಟ್ಟಿದ್ದವು.

ಕಲ್ಲಿನ ಎರಡಂತಸ್ತಿನ ಮನೆ. ಬಾಗಿಲು ತೆರೆದೇ ಇತ್ತು. ನೋರಾ ವಾಕರ್ ಹಿಡಿದು ಹೊಸ್ತಿಲ ಒಳಗೆ ನಿಂತಿದ್ದರು. ಸಣ್ಣ ದೇಹ, ಬೆಳ್ಳನೆಯ ಗಿಡ್ಡ ಕೂದಲು, ಮೊಣಕೈ ತೇಪೆ ಹಾಕಿದ ಹಸಿರು ಸ್ವೆಟರು. ನಮ್ಮಿಬ್ಬರಿಗಿಂತ ಮೊದಲು ಮಗುವನ್ನು ನೋಡಿದರು. ಈ ಮನೆಗೆ ಮಗು ಬಂದು ಬಹಳ ಕಾಲವಾಯಿತು ಎಂದರು. ಮನೆ ಮಾರಾಟವಾಗಿತ್ತು. ಮುಂದಿನ ತಿಂಗಳು ಥಾಮಸ್‌ಟೌನಿನ ವೃದ್ಧಾಶ್ರಮಕ್ಕೆ ಹೋಗುವವರಿದ್ದರು. ಕಪಾಟನ್ನು ಡಬ್ಲಿನ್ನಿನ ಒಂದು ಸಂಗ್ರಹಾಲಯದವರು ಒಯ್ಯಲಿದ್ದರು, ಅವರ ವ್ಯಾನು ಸೋಮವಾರ ಬರುತ್ತಿತ್ತು.

ಕಪಾಟು ಇದ್ದದ್ದು ಅಡುಗೆಮನೆಗೆ ಹೋಗುವ ಓಣಿಯಲ್ಲಿ, ಮಳೆಯ ಕೋಟು ಮತ್ತು ಕೆಸರಿನ ಬೂಟುಗಳ ನಡುವೆ. ತೇಗದ ಮರ. ಬಾಗಿಲು ತೆರೆದರೆ ಖಾನೆ ಖಾನೆಯಾಗಿ ಗಾಜಿನ ಬಾಟಲಿಗಳು, ಬಾಯಿಗೆ ಬೂಚು, ಬೂಚಿನ ಮೇಲೆ ಕರಗಿಸಿ ಹಾಕಿದ ಮೇಣ. ನೋರಾರ ಮುತ್ತಜ್ಜ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಅರಣ್ಯದ ಅಧಿಕಾರಿ. ಕಾಡಿನ ಯಾವ ಗಿಡದಿಂದ ಏನು ಸಿಗುತ್ತದೆ, ಅದು ಯಾವ ಪೇಟೆಯಲ್ಲಿ ಮಾರಾಟವಾದೀತು ಎಂದು ಪರೀಕ್ಷಿಸಿ ಮಾದರಿ ಕಳಿಸುವುದು ಆಗಿನ ಇಂಥ ಅಧಿಕಾರಿಗಳಿಗೆ ಕೆಲಸವೂ ಹೌದು, ಹುಚ್ಚೂ ಹೌದು. ನೌಕರಿ ಮುಗಿಸಿ ಬರುವಾಗ ಒಂದು ಜೊತೆಯನ್ನು ತನಗೆಂದು ತಂದಿದ್ದ.

ನಾನು ಕನ್ನಡಕ ಹಾಕಿಕೊಂಡು ಓದತೊಡಗಿದೆ. ಪ್ರತಿ ಚೀಟಿಯಲ್ಲೂ ಎರಡು ಕೈಬರಹ. ಮೇಲೆ ಇಂಗ್ಲಿಷಿನಲ್ಲಿ ಉಪಯೋಗ: ಚರ್ಮ ಹದ ಮಾಡಲು, ಬಣ್ಣಕ್ಕೆ, ಹಗ್ಗಕ್ಕೆ. ಕೆಳಗೆ ಕನ್ನಡದಲ್ಲಿ, ಮಸಿ ಕಂದಾಗಿದ್ದರೂ ಗುಂಡಾದ ಅಕ್ಷರಗಳಲ್ಲಿ, ಹೆಸರು ಮಾತ್ರ. ಅಳಲೆ. ಮುರುಗಲು. ರಾಮಪತ್ರೆ. ಉಪ್ಪಾಗೆ. ಹೊನ್ನೆಯ ಅಂಟು ಗಟ್ಟಿಯಾಗಿ ರಕ್ತ ಹೆಪ್ಪುಗಟ್ಟಿದ ಬಣ್ಣಕ್ಕೆ ಬಂದಿತ್ತು. ನಾನು ಗಟ್ಟಿಯಾಗಿ ಓದಿದೆ. ವಿದ್ಯಾ ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಫೋನಿನಲ್ಲಿ ಒಂದೊಂದರ ಚಿತ್ರ ತೆಗೆದು, ಸಂಗ್ರಹಾಲಯದವರಿಗೆಂದು ಉಚ್ಚಾರ ಬರೆದುಕೊಂಡಳು. ನೋರಾ ಕುರ್ಚಿಯಲ್ಲಿ ಕೂತು ನನ್ನ ತುಟಿಗಳನ್ನೇ ನೋಡುತ್ತಿದ್ದರು. ನಾನು ಹೇಳಿದ್ದನ್ನು ಮೆಲ್ಲಗೆ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅವರ ಬಾಯಲ್ಲಿ ಮುರುಗಲು ಮುರ್ಗಲ್ ಆಗುತ್ತಿತ್ತು, ಧೂಪ ಡೂಪ ಆಗುತ್ತಿತ್ತು.

ಆರ್ಥಿಕ ಸಸ್ಯಶಾಸ್ತ್ರ ಎಂಬ ಪಾಠವನ್ನು ನಾನು ನೌಕರಿಯ ಉದ್ದಕ್ಕೂ ಕಲಿಸಿದವಳು. ಹಲಗೆಯ ಮೇಲೆ ಗೆರೆ ಎಳೆದು, ಹೆಸರು, ಕುಟುಂಬ, ಉಪಯುಕ್ತ ಭಾಗ, ಉಪಯೋಗ ಎಂದು ಬರೆಯುತ್ತಿದ್ದೆ. ಆ ಗೆರೆಗಳನ್ನು ಎಳೆದದ್ದು ಯಾರು ಎಂದು ಯೋಚಿಸಿರಲಿಲ್ಲ. ಕಪಾಟಿನ ಮುಂದೆ ನಿಂತಾಗ ತಿಳಿಯಿತು. ಕನ್ನಡದಲ್ಲಿ ಹೆಸರು ಬರೆದುಕೊಟ್ಟವರ ಗುರುತು ಎಲ್ಲೂ ಇರಲಿಲ್ಲ. ಒಂದು ಚೀಟಿಯಲ್ಲಿ ಮಾತ್ರ ಆ ವ್ಯಕ್ತಿ ಹೆಸರಿನ ಮುಂದೆ ಒಂದು ಶಬ್ದ ಹೆಚ್ಚಿಗೆ ಬರೆದಿದ್ದರು. ಹಿಪ್ಪಲಿಯ ಬಾಟಲಿ ಅದು. ಮೇಲೆ ಇಂಗ್ಲಿಷಿನಲ್ಲಿ ಮುಂಬಯಿ ಪೇಟೆಯ ವಿಷಯವಿತ್ತು. ಕೆಳಗೆ ಹಿಪ್ಪಲಿ, ಬಾಣಂತಿಗೆ ಎಂದಿತ್ತು.

ವಿದ್ಯಾ ಬಗ್ಗಿ ನೋಡಿದಳು. ನಾನು ಊರಿನಿಂದ ಡಬ್ಬಿ ತುಂಬ ತಂದ ಹಿಪ್ಪಲಿಯ ಕಷಾಯವನ್ನು ಅವಳು ಮೂಗು ಹಿಡಿದು ಕುಡಿದಿದ್ದಳು.

"ಅಮ್ಮ, ಇವ್ರ ಮನೇಲೂ ಯಾರಿಗೋ ಮಗು ಆಗಿತ್ತು ಅನ್ಸುತ್ತೆ," ಎಂದಳು.

ಹೌದು ಎಂದರು ನೋರಾ, ವಿದ್ಯಾ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ತಿಳಿಸಿದಾಗ. ಅವರ ಅಜ್ಜಿ ಹುಟ್ಟಿದ್ದು ಅಲ್ಲಿಯೇ, ಹೊನೋರ್ ಎಂಬ ಊರಿನಲ್ಲಿ. ಅದು ಹೊನ್ನಾವರ, ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಅವರ ಪೂರ್ತಿ ಹೆಸರು ಹೊನೋರಾ. ಐರ್ಲೆಂಡಿನಲ್ಲಿ ಅದು ಹಳೆಯ ಕಾಲದ ಮಾಮೂಲಿ ಹೆಸರು. ಆದರೆ ಅಜ್ಜಿ ಹಟ ಹಿಡಿದು ಅದನ್ನು ಇಡಿಸಿದ್ದು ಆ ಊರಿನ ನೆನಪಿಗೆ.

ಆಮೇಲೆ ಅವರು ಕಪಾಟಿನ ಕೆಳಗಿನ ಸಾಲನ್ನು ತೋರಿಸಿದರು. ಕೊನೆಯ ಖಾನೆ ಖಾಲಿ ಇತ್ತು. ಚಿಕ್ಕಂದಿನಲ್ಲಿ ಬಿದ್ದಾಗ, ಬೈಸಿಕೊಂಡಾಗ ಅಜ್ಜಿ ಅವರನ್ನು ಇಲ್ಲಿಗೆ ಕರೆತಂದು, ನೆಲದ ಮೇಲೆ ಕೂತು, ಬಾಟಲಿಗಳನ್ನು ಒಂದೊಂದಾಗಿ ಮುಟ್ಟಿ ಹೆಸರು ಹೇಳುತ್ತಿದ್ದರಂತೆ. ಖಾಲಿ ಖಾನೆಯ ಹತ್ತಿರ ಬಂದಾಗ ಕೊನೆಯ ಹೆಸರು ಹೇಳಿ, ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಆ ಬಾಟಲಿ ಎಲ್ಲೋ ಕಳೆದಿದೆ ಎಂದು ನೋರಾರ ತಾಯಿಯೂ ಹುಡುಕಿದ್ದರು, ನೋರಾರೂ ಹುಡುಕಿದ್ದರು. ಸಂಗ್ರಹಾಲಯದವರು ಕೂಡ ಯಾವ ಪುಸ್ತಕದಲ್ಲೂ ಅಂಥ ಗಿಡ ಸಿಗಲಿಲ್ಲ ಎಂದಿದ್ದರು.

ಅಜ್ಜಿ ಹೇಳುತ್ತಿದ್ದ ಹಾಗೆಯೇ ಹೇಳಿ ನೋಡೋಣ ಎಂದೆ. ನೋರಾ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ತಟ್ಟುತ್ತ, ಸಣ್ಣ ರಾಗದಲ್ಲಿ ಶುರುಮಾಡಿದರು. "ಅಂಟುವಾಲ, ಶೀಗೆ, ಹೊನ್ನಿ, ಅಲಲೆ, ಮುರ್ಗಲ್, ರಾಮ್‌ಪಾತ್ರಿ, ಡೂಪ..." ಅಲ್ಲಿಗೆ ಸ್ವರ ಇಳಿಯಿತು. "ಅಲಬೇಡ ಕಂದ."

ವಿದ್ಯಾ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಅಳಲೆಯೂ ಅಲ್ಲ, ಗೆಡ್ಡೆಯೂ ಅಲ್ಲ. ಮೂರು ತಿಂಗಳಿಂದ ಆ ಮಾತನ್ನು ನಾನೇ ದಿನಕ್ಕೆ ಎಷ್ಟು ಸಲ ಹೇಳಿದ್ದೇನೋ, ಲೆಕ್ಕವಿಲ್ಲ.

ನೋರಾ ಕಣ್ಣು ತೆರೆದು, ಅಷ್ಟು ಕೆಟ್ಟದಾಗಿ ಹೇಳಿದೆನೇ ಎಂದು ಕೇಳಿದರು.

"ಚೆನ್ನಾಗಿ ಹೇಳಿದಿರಿ," ಎಂದೆ. "ಆದರೆ ಅದು ಗಿಡದ ಹೆಸರಲ್ಲ ನೋರಾ. ಆ ಬಾಟಲಿ ಯಾವತ್ತೂ ಇರಲೇ ಇಲ್ಲ. ಅಳುವ ಮಗುವಿಗೆ ನಮ್ಮಲ್ಲಿ ಹೇಳುವ ಮಾತು ಅದು. ಅಳಬೇಡ, ನನ್ನ ಮಗುವೇ ಅಂತ."

ಅವರು ಆ ಖಾಲಿ ಖಾನೆಯ ಕಡೆಗೆ ತಿರುಗಿದರು. ಆಮೇಲೆ, "ಹಾಗಾದರೆ ಅದು ಕಳೆದಿರಲಿಲ್ಲ," ಎಂದರು. ಇನ್ನೊಂದು ಸಲ ಹೇಳಿ ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಅವರ ನಾಲಿಗೆಗೆ ಳಕಾರ ಬರಲಿಲ್ಲ; ನಾಲಿಗೆ ಮಡಿಸುವುದು ಹೇಗೆಂದು ತೋರಿಸಿದೆ. ನಾಲ್ಕೈದು ಸಲ ಪ್ರಯತ್ನಿಸಿ, ಬಾರದೆ, ಇಬ್ಬರೂ ನಕ್ಕೆವು. ನಗುವಾಗ ಅವರ ಕಣ್ಣಿನಲ್ಲಿ ನೀರಿತ್ತು.

ಅಡುಗೆಮನೆಯ ಒಲೆಯ ಪಕ್ಕ ಚಹಾ ಕುಡಿಯುತ್ತ ಅಜ್ಜಿಯ ಕಥೆ ಹೇಳಿದರು. ಬಿಳಿಯರ ಮಕ್ಕಳು ಆ ಹವೆಯಲ್ಲಿ ಬದುಕುವುದಿಲ್ಲ, ಇಲ್ಲಿಯ ಶಿಕ್ಷಣವೇ ಆಗಬೇಕು ಎಂದು ಆ ಕಾಲದವರೆಲ್ಲ ಮಾಡಿದಂತೆ ಅಧಿಕಾರಿಯೂ ಮಗಳನ್ನು ಐದನೆಯ ವಯಸ್ಸಿಗೆ ಐರ್ಲೆಂಡಿಗೆ, ಚಿಕ್ಕಪ್ಪನ ಈ ಮನೆಗೆ ಕಳಿಸಿದ್ದ. ಅಲ್ಲಿಯವರೆಗೆ ಹೊನ್ನಾವರದಲ್ಲಿ ಅವಳನ್ನು ಸಾಕಿದವಳು ಒಬ್ಬ ಆಯಾ. ಅವಳ ಹೆಸರು ಯಾರಿಗೂ ಗೊತ್ತಿಲ್ಲ, ಅಜ್ಜಿ ಅವಳನ್ನು ಆಯಿ ಎನ್ನುತ್ತಿದ್ದರು. ಆಯಾ ಎಂಬುದನ್ನೇ ಮಗು ಹಾಗೆ ಅಂದಿರಬೇಕು ಎಂದು ಮನೆಯವರು ತಿಳಿದಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತಾಯಿಯನ್ನು ಆಯಿ ಎನ್ನುತ್ತಾರೆ ಎಂದು ನಾನು ಹೇಳಿದೆ. ನೋರಾ ತಲೆಯಾಡಿಸಿದರು. ಹಡಗುಕಟ್ಟೆಯಲ್ಲಿ ಆಯಿಯ ಸೆರಗಿನಿಂದ ಮಗುವಿನ ಮುಷ್ಟಿ ಬಿಡಿಸಲು ಇಬ್ಬರು ಬೇಕಾದರಂತೆ. ತಂದೆತಾಯಿ ಮರಳಿ ಬಂದಾಗ ಹುಡುಗಿಗೆ ಹದಿನಾಲ್ಕು. ಬಾಗಿಲಲ್ಲಿ ನಿಂತ ಹೆಂಗಸು ಯಾರೆಂದು ಅವಳಿಗೆ ಗುರುತು ಹತ್ತಲಿಲ್ಲ. ಅಪ್ಪ ತಂದ ಬಾಟಲಿಗಳಲ್ಲಿದ್ದ ಕಾಯಿಗಳು ಮಾತ್ರ ಗುರುತು ಸಿಕ್ಕವು. ಅವನ್ನು ಆಯಿಯ ಜೊತೆ ಅಂಗಳದಲ್ಲಿ ಒಣಹಾಕಿದ್ದು ನೆನಪಿತ್ತು.

"ಕೆಟ್ಟ ಜನ ಅಲ್ಲ ಅವರು," ಎಂದರು ನೋರಾ. "ಮಗುವಿಗೆ ಒಳ್ಳೇದಾಗಲಿ ಅಂತಲೇ ಮಾಡಿದ್ದು. ಎಲ್ಲರೂ ಹಾಗೇ ಮಾಡ್ತಿದ್ದರು."

ವಿದ್ಯಾ ಎದ್ದು ಕಿಟಕಿಯ ಬಳಿ ಹೋದಳು. ತನ್ವಿ ಅವಳ ಕುತ್ತಿಗೆಯ ಸರ ಹಿಡಿದು ಬಾಯಿಗೆ ಹಾಕಿಕೊಂಡಿದ್ದಳು. ನಾನು ಚಹಾದ ಬಟ್ಟಲನ್ನು ತಿರುಗಿಸುತ್ತ ಕೂತೆ.

ನೋರಾ ನಮಗೆ ಒಂದು ಬಾಟಲಿ ಕೊಡಬೇಕೆಂದರು. ಬೀಜ, ಕಾಯಿ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲದೆ ಸಂಗ್ರಹ ಒಟ್ಟಿಗಿದ್ದರೇ ಚೆಂದ ಎಂದು ನಾನು ಬೇಡವೆಂದೆ. ಅದು ನಮ್ಮ ಊರಿಗೆ ಮರಳಬೇಕಾದದ್ದಲ್ಲವೇ ಎಂದು ಅವರು ಗಂಭೀರವಾಗಿ ಕೇಳಿದರು. ಮರಗಳು ಇನ್ನೂ ಅಲ್ಲಿವೆ, ಕೆಲವಾದರೂ ಇವೆ, ಇಲ್ಲಿಯವರು ಹೆಸರು ಸರಿಯಾಗಿ ಹೇಳಲು ಕಲಿತರೆ ಸಾಕು ಎಂದೆ. ಹೇಳುವಾಗ ಅದೇ ನನ್ನ ಪೂರ್ತಿ ಉತ್ತರ ಎಂದು ನನಗೂ ಖಾತ್ರಿ ಇರಲಿಲ್ಲ.

ಈ ಬಾಟಲಿಗಳನ್ನು ಯಾವತ್ತಾದರೂ ತೆರೆದಿದ್ದೀರಾ ಎಂದು ಕೇಳಿದೆ. ಇಲ್ಲವೇ ಇಲ್ಲ; ಮಕ್ಕಳು ಮುಟ್ಟಿದರೆ ಏಟು ಬೀಳುತ್ತಿತ್ತು. ಧೂಪದ ಬಾಟಲಿಯನ್ನು ತೋರಿಸಿ, ಇದು ಮರದ ಅಂಟು, ನಮ್ಮಲ್ಲಿ ಕೆಂಡದ ಮೇಲೆ ಹಾಕುತ್ತೇವೆ, ಮಗುವಿಗೆ ಎಣ್ಣೆನೀರು ಹಾಕಿದ ಮೇಲೆ ಆ ಹೊಗೆ ಹಿಡಿಯುತ್ತೇವೆ ಎಂದೆ. ಅವರು ಸ್ವಲ್ಪ ಯೋಚಿಸಿದರು.

"ಸೋಮವಾರದವರೆಗೆ ಇದು ನನ್ನದು," ಎಂದರು.

ವಿದ್ಯಾ ಬೆಣ್ಣೆ ಹಚ್ಚುವ ಚೂರಿಯಿಂದ ಮೇಣ ಕೆರೆದು ಬೂಚು ತೆಗೆದಳು. ಅಂಟು ಹಳದಿ ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟಿತ್ತು. ಒಲೆಯ ಬಾಗಿಲು ತೆರೆದು, ಕಬ್ಬಿಣದ ಸಣ್ಣ ಸಲಿಕೆಯಲ್ಲಿ ಕೆಂಡ ತೆಗೆದುಕೊಂಡು, ಕಡಲೆಯಷ್ಟು ಚೂರನ್ನು ಅದರ ಮೇಲೆ ಹಾಕಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಅದು ಕರಗಿ, ಗುಳ್ಳೆಯೆದ್ದು, ಬೆಳ್ಳನೆಯ ಹೊಗೆ ಏಳತೊಡಗಿತು. ನೂರು ವರ್ಷ ಮೀರಿ ಮುಚ್ಚಿಟ್ಟದ್ದು, ಪರಿಮಳ ಒಂದಿಷ್ಟೂ ಕುಂದಿರಲಿಲ್ಲ. ಅಡುಗೆಮನೆ ತುಂಬಿ, ಓಣಿಗೆ ಹೋಗಿ, ಒದ್ದೆ ಕೋಟುಗಳ ವಾಸನೆಯನ್ನು ಮುಚ್ಚಿತು. ನೋರಾ ಉದ್ದಕ್ಕೆ ಉಸಿರೆಳೆದುಕೊಂಡರು. ಚಿಕ್ಕಂದಿನಲ್ಲಿ ಭಾನುವಾರ ಸಂಜೆಯ ಪ್ರಾರ್ಥನೆಗೆ ಇಗರ್ಜಿಯಲ್ಲಿ ಹಾಕುತ್ತಿದ್ದ ಧೂಪ ಹೀಗೇ ಇರುತ್ತಿತ್ತು ಎಂದರು. ಆ ಹೊತ್ತಿಗೆ ಅಜ್ಜಿ ಯಾಕೆ ಯಾವಾಗಲೂ ಕಣ್ಣೊರೆಸಿಕೊಳ್ಳುತ್ತಿದ್ದರು ಎಂಬುದು ಈಗ ಹೊಳೆಯುತ್ತಿದೆ ಎಂದರು.

ತನ್ವಿ ಎರಡು ಸಲ ಸೀನಿ, ಹೊಗೆಯನ್ನು ಹಿಡಿಯಲು ಕೈ ಚಾಚಿದಳು. ನೋರಾ ಎತ್ತಿಕೊಳ್ಳಲೇ ಎಂದು ಕೇಳಿದರು. ಸೊಂಟ ನೋವಿನವರಾದ್ದರಿಂದ ವಿದ್ಯಾ ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಮಂಡಿಯೂರಿ ಹಿಡಿದುಕೊಂಡಳು. ಮೂವರೂ ಹಾಗೆ ಒಲೆಯ ಮುಂದೆ ಬಹಳ ಹೊತ್ತು ಇದ್ದರು. ನಾನು ಬೂಚು ಒತ್ತಿ ಬಾಟಲಿಯನ್ನು ಅದರ ಜಾಗದಲ್ಲಿಟ್ಟು ಬಂದೆ.

ಹೊರಡುವಾಗ ನೋರಾ ಗೇಟಿನವರೆಗೂ ಬರುತ್ತೇನೆಂದು ಹಟ ಮಾಡಿದರು. ಜಲ್ಲಿಕಲ್ಲಿನ ಮೇಲೆ ವಾಕರ್ ಊರಿ ಬರುವಾಗ ನಾನು ಜೊತೆಗೆ ನಡೆದೆ. ಈ ಸಲ ಅವರು ಯಾವ ಹೆಸರನ್ನೂ ಹೇಳಿಕೊಳ್ಳಲಿಲ್ಲ. ಹೊನ್ನಾವರದ ನದಿ ಎಷ್ಟು ಅಗಲ, ಅಲ್ಲಿ ಸಮುದ್ರ ಯಾವ ದಿಕ್ಕಿಗೆ ಎಂದು ಕೇಳಿದರು. ಪಶ್ಚಿಮಕ್ಕೆ ಎಂದೆ. ಕಾರು ತಿರುವು ದಾಟುವವರೆಗೂ ಹಸಿರು ಸ್ವೆಟರು ಗೇಟಿನಲ್ಲಿ ಕಾಣುತ್ತಿತ್ತು.

ವಾಪಸಾಗುವಾಗ ಕ್ಯಾಲನ್ ದಾರಿ ಹಿಡಿದೆವು. ತನ್ವಿ ನಿದ್ದೆಹೋಗಿದ್ದಳು. ಕ್ಲಾನ್ಮೆಲ್ ಹತ್ತಿರ ಪೆಟ್ರೋಲು ಹಾಕಿಸಿದ ವಿದ್ಯಾ ಕಾರನ್ನು ಒಂದು ಪಕ್ಕಕ್ಕೆ ನಿಲ್ಲಿಸಿ, ಕೀಲಿ ತಿರುಗಿಸದೆ ಕೂತಳು.

"ಅಮ್ಮ, ನಂಗೆ ಇವಳನ್ನ ಕಳ್ಸಕ್ಕೆ ಆಗಲ್ಲ," ಎಂದಳು. ಕಣ್ಣು ಎದುರಿನ ಗಾಜಿನ ಮೇಲಿತ್ತು. "ಮೊದ್ಲಿಂದಾನೂ ಆಗ್ತಿರ್ಲಿಲ್ಲ. ನೀನು ಅಷ್ಟು ಖುಷಿಯಾಗಿದ್ದೆ, ಹೇಳಕ್ಕಾಗ್ಲಿಲ್ಲ."

ಸಂಬಳವಿಲ್ಲದ ರಜೆ ಇನ್ನೂ ನಾಲ್ಕು ತಿಂಗಳು ಸಿಗುತ್ತದೆಯಂತೆ. ಆಮೇಲೆ ಪ್ರಮೋದನ ಪಾಳಿಗೆ ಹೊಂದಿಸಿಕೊಂಡು ಏನಾದರೂ ಮಾಡುತ್ತೇವೆ, ಕಷ್ಟವಾಗುತ್ತದೆ ಎಂದು ಗೊತ್ತು ಎಂದಳು. ನಾನು ಕೇಳುತ್ತಿದ್ದೆ. ಬಿಟ್ಟುಕೊಡಬೇಕಾದದ್ದೆಲ್ಲ ಒಂದೊಂದಾಗಿ ಕಣ್ಣೆದುರು ಬಂತು. ಕುಮಟೆಯ ಮನೆ, ಬಿಸಿಲಿಗಿಟ್ಟ ತೊಟ್ಟಿಲು, ಸಂಜೆ ಮಗುವನ್ನೆತ್ತಿಕೊಂಡು ಗಿಬ್ ಸರ್ಕಲ್‌ವರೆಗೆ ಹೋಗಿ ಬರಬೇಕೆಂದುಕೊಂಡದ್ದು. ಅವಳಿಗೆ ನಾನು ಮೊದಲ ಮಾತು ಕಲಿಸಬೇಕೆಂದಿದ್ದೆ. ಅವೆಲ್ಲ ನನ್ನ ಆಸೆಗಳು; ಮಗುವಿಗೆ ಅವುಗಳ ಅಗತ್ಯವಿರಲಿಲ್ಲ.

"ಕಳಿಸ್ಬೇಡ," ಎಂದೆ. "ನಿನ್ನ ಹತ್ರಾನೇ ಇರ್ಲಿ."

"ಬೇಜಾರಾ ಅಮ್ಮ?"

"ಬೇಜಾರೇ. ಆದ್ರೂ ಇರ್ಲಿ."

ಅವಳು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಈ ಸಲ ನಲ್ಲಿಯ ಸದ್ದಿನ ಮರೆಯಿರಲಿಲ್ಲ. ನಾನು ಅವಳ ಬೆನ್ನು ಸವರುತ್ತ ಕೂತೆ. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದರೂ ಆಡಲಿಲ್ಲ, ಅಳಲಿ ಎನ್ನಿಸಿತು. ಆಮೇಲೆ ಬಂಕಿನ ಅಂಗಡಿಗೆ ಹೋಗಿ ಎರಡು ಚಹಾ ತಂದೆ. ಹಿಂದಿನಿಂದ ಒಬ್ಬ ಲಾರಿಯವನು ಬಂದು ಎಲ್ಲ ಸರಿಯಿದೆಯೇ ಎಂದು ಕಿಟಕಿ ತಟ್ಟಿ ಕೇಳಿದ. ವಿದ್ಯಾ ಮೂಗೊರೆಸಿಕೊಂಡು, ಗ್ರ್ಯಾಂಡ್ ಎಂದಳು. ಅಳುತ್ತಿದ್ದರೂ ಗ್ರ್ಯಾಂಡ್ ಎನ್ನುವುದು ಈ ದೇಶದ ರೂಢಿ, ಅವನೂ ನಂಬಿದವನಂತೆ ತಲೆಯಾ‌ಡಿಸಿ ಹೋದ.

ಮನೆಗೆ ಬಂದು ಹೇಳಿದಾಗ ಪ್ರಮೋದ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು ಅಂಗಳಕ್ಕೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ. ಉಳಿದ ದಿನಗಳು ಬೇಗ ಕಳೆದವು. ಕಪಾಟು ಸುರಕ್ಷಿತವಾಗಿ ಹೋಯಿತು ಎಂದು ಲವಿನಾಳಿಂದ ಸುದ್ದಿ ಬಂತು. ಹೊರಡುವ ಹಿಂದಿನ ದಿನ ತನ್ವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದೆ. ಹೇಗೆ ಹಾಕುವುದೆಂದು ವಿದ್ಯಾ ಪಕ್ಕದಲ್ಲಿ ಕೂತು ನೋಡಿಕೊಂಡಳು.

ಕಾರ್ಕಿನಿಂದ ಆಂಸ್ಟರ್‌ಡ್ಯಾಮ್‌ಗೆ ಸಣ್ಣ ವಿಮಾನ, ಅಲ್ಲಿಂದ ಬೆಂಗಳೂರಿಗೆ ದೊಡ್ಡದು. ದೊಡ್ಡ ವಿಮಾನದಲ್ಲಿ ಮಗುವಿನ ಲೆಕ್ಕದಲ್ಲಿ ಮೊದಲೇ ಕಾದಿರಿಸಿದ್ದ ನನ್ನ ಸೀಟು ಎದುರಿಗೆ ಗೋಡೆಯಿದ್ದ ಮೊದಲ ಸಾಲಿನಲ್ಲಿತ್ತು. ವಿಮಾನ ಮೇಲೇರಿ ದೀಪಗಳು ಆರಿದ ಮೇಲೆ ಗಗನಸಖಿಯೊಬ್ಬಳು ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ನನ್ನ ಮಡಿಲನ್ನೂ ಅಕ್ಕಪಕ್ಕದ ಸೀಟುಗಳನ್ನೂ ನೋಡಿ, ಮಗು ಎಲ್ಲಿ ಎಂದು ಕೇಳಿದಳು.

ಮನೆಯಲ್ಲಿದೆ, ಅಮ್ಮನ ಹತ್ತಿರ ಎಂದೆ.

ಅವಳು ಕ್ಷಮೆ ಕೇಳಿ ತೊಟ್ಟಿಲನ್ನು ವಾಪಸು ಒಯ್ದಳು. ಕಾಲು ಚಾಚಲು ಅಲ್ಲಿ ಬೇಕಾದಷ್ಟು ಜಾಗವಿತ್ತು.